ಕಿವಿಯ ಹತ್ತಿರ ಹಿಡಿದ ಕಾಯಿ

ಆ ಭಾನುವಾರ ತಂಗಿ ಗೌರಿ ಎಂದಿನಂತೆ ತೆಂಗಿನಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಅಟ್ಟದ ಮೇಲೆ ವರ್ಷವಿಟ್ಟ ಕಾಯಿ ಒಳಗೇ ಒಣಗಿ ಕೊಬ್ಬರಿಯಾದರೆ ಗಡಗಡ ಎನ್ನುತ್ತದೆ. ವಯಸ್ಸಿಗೆ ತಕ್ಕ ಬುದ್ಧಿ ಬೆಳೆಯದ ಅವಳಿಗೆ ಆ ಸದ್ದೆಂದರೆ ಪ್ರಾಣ. ತಿಪಟೂರಿನ ಹತ್ತಿರ ಅವಳಿದ್ದ ಆಶ್ರಮಕ್ಕೆ ಹೋದಾಗಲೆಲ್ಲ ಒಂದು ಕಾಯಿ ಒಯ್ಯುತ್ತಿದ್ದೆ.

"ಕೊಬ್ರಿ ಆಗೈತೆ ಕಣಕ್ಕ," ಎಂದು ನಕ್ಕಳು.

ಮುಂದಿನ ಸಲ ನಾನೇ ಕಾಯಿಯನ್ನು ಅವಳ ಕಿವಿಯ ಹತ್ತಿರ ಎತ್ತಿ ಹಿಡಿದೆ. ಅವಳು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡಳು. ಕಿವಿಯ ಹಿಂದೆ ಕಂದಿದ ಗುರುತಿತ್ತು.

"ಅವಳ್ದು ನಾಟ್ಕ ಬುಡ್ರೀ," ಎಂದ ವಾರ್ಡನ್ ನಮ್ಮ ಪಕ್ಕದಿಂದ ಕದಲಲಿಲ್ಲ.

ಆಗಲೇ ಅವಳ ಬಟ್ಟೆ ಕಟ್ಟಿಕೊಂಡು ಮನೆಗೆ ಕರೆತಂದೆ. ಹೊರಡುವಾಗ ಅವಳ ಗೆಳತಿ ಶಾಂತಾ ನನ್ನ ಸೆರಗು ಹಿಡಿದು, "ನನ್ನೂ ಕರ್ಕಂಡೋಗಕ್ಕ," ಎಂದಳು. ಸಂಬಂಧಿಕರಲ್ಲದವರ ಜೊತೆ ಕಳಿಸುವಂತಿಲ್ಲ ಎಂದರು ಆಶ್ರಮದವರು.

ಇಲಾಖೆಗೆ ದೂರು ಕೊಟ್ಟೆ. ವಿಚಾರಣೆಗೆ ಬಂದವರು ಅಲ್ಲಿದ್ದವರನ್ನೆಲ್ಲ ಸಾಲಾಗಿ ನಿಲ್ಲಿಸಿ, ವಾರ್ಡನ್ ಎದುರಿನಲ್ಲೇ, ಚೆನ್ನಾಗಿ ನೋಡಿಕೊಳ್ಳುತ್ತಾರಾ ಎಂದು ಕೇಳಿದರಂತೆ. ಎಲ್ಲರೂ ಹೌದೆಂದು ತಲೆಯಾಡಿಸಿದರಂತೆ.

ಮನೆಗೆ ಬಂದ ಮೇಲೆ ಗೌರಿ ಕಾಯಿ ಮುಟ್ಟಲೇ ಇಲ್ಲ. ಈ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡಳು. ಈಗ ನಾನು ಸುಮ್ಮಸುಮ್ಮನೆ ಅಟ್ಟ ಹತ್ತುತ್ತೇನೆ, ಒಂದು ಕಾಯಿ ಅಲ್ಲಾಡಿಸಿ ಇಳಿದು ಬರುತ್ತೇನೆ, ಕೂತಲ್ಲಿ ಕೂರಲಾಗುವುದಿಲ್ಲ. ಶಾಂತಾ ಇನ್ನೂ ಅಲ್ಲೇ ಇದ್ದಾಳೆ. ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಿದವರು ಇವತ್ತಿಗೂ ಯಾರೂ ಇಲ್ಲ.