ಬಚ್ಚಮ್ಮನ ಮಡಕೆಯಲ್ಲಿ ತೇನೆಪಿಟ್ಟ

ಶ್ರೀನಿವಾಸಪುರದ ಫೋಟೋಗ್ರಾಫರ್ ಆವಲಪ್ಪನ ಮುಂದೆ ಕೂತವರು ಉಸಿರು ಬಿಗಿಹಿಡಿಯಬೇಕಿತ್ತು. ಅವನ ಮರದ ಕ್ಯಾಮೆರಾದ ಮುಚ್ಚಳ ತೆಗೆದು, ಮೂರು ಎಣಿಸಿ, ಮತ್ತೆ ಮುಚ್ಚಬೇಕು. ಮದುಮಕ್ಕಳಾಗಲಿ ಶಾನುಭೋಗರಾಗಲಿ, ಅಷ್ಟು ಹೊತ್ತು ಅಲುಗುತ್ತಿರಲಿಲ್ಲ. ಆ ಮೂರೆಣಿಕೆಗೆ ಸಿಗದೇ ಹೋದದ್ದು ಒಂದು ಹುಳು ಮಾತ್ರ.

ಹತ್ತಿರದ ಹಳ್ಳಿ ರಾಯಲ್ಪಾಡಿನವರು ಅದನ್ನು ತೆಲುಗಿನಲ್ಲಿ ತೇನೆಪಿಟ್ಟ, ಅಂದರೆ ಜೇನುಹಕ್ಕಿ, ಎನ್ನುತ್ತಿದ್ದರು. ಹಾಡಹಗಲೇ ಕಾಶಿಕಣಗಿಲೆಯ ಮುಂದೆ ಗಾಳಿಯಲ್ಲಿ ನಿಂತು, ಉದ್ದನೆಯ ಕೊಳವೆ ಚಾಚಿ ಮಕರಂದ ಹೀರುವ ಪತಂಗವದು. ಹಕ್ಕಿಯಲ್ಲ ಎಂದು ಆವಲಪ್ಪ ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಅವನು ತೆಗೆದ ಏಳು ಗಾಜಿನ ಪ್ಲೇಟುಗಳಲ್ಲಿ ಹೂವು ಸ್ಪಷ್ಟವಾಗಿತ್ತು, ಪಕ್ಕದಲ್ಲೊಂದು ಹೊಗೆಯ ಕಲೆ ಇತ್ತು.

1939ರ ಮಳೆಗಾಲದಲ್ಲಿ ಅವನು ಇನ್ನೊಂದನ್ನು ಗಮನಿಸಿದ. ರಾಯಲ್ಪಾಡಿನ ಮಾವಿನ ತೋಟದ ಬಚ್ಚಮ್ಮನ ಅಂಗಳದ ಮಡ್ಡಿ ಮರದಲ್ಲಿ ಹೂವಿಲ್ಲದ ಚಿಗುರಿಗೂ ಪಿಟ್ಟ ಬಾಲ ತಾಕಿಸಿ ಹೋಗುತ್ತಿತ್ತು. ತಾಕಿದ ಕಡೆ ಸಾಸಿವೆಯಂಥ ಹಸಿರು ಮೊಟ್ಟೆ. ಅದೇ ಮರದ ಎಲೆ ತಿನ್ನುವ, ಬಾಲದಲ್ಲಿ ಕೊಂಬಿರುವ ಹುಳುಗಳನ್ನು ಬಚ್ಚಮ್ಮ ಪೊರಕೆಯಿಂದ ಹೊಸಕುತ್ತಿದ್ದಳು. ಶ್ರಾವಣ ಕಳೆದ ಕೂಡಲೇ ಮರ ಕಡಿಯಲು ಊರಿನ ರೈತ ಆಂಜಿನಪ್ಪನಿಗೆ ಹೇಳಿಯೂ ಆಗಿತ್ತು.

"ಕಡಿಸಬೇಡಿ ಬಚ್ಚಮ್ಮಕ್ಕ. ಆ ಹುಳಾನೇ ನಿಮ್ಮ ತೇನೆಪಿಟ್ಟ ಆಗೋದು," ಎಂದ ಆವಲಪ್ಪ.

"ಹುಳ-ಪುರುಗು ಹೋಗಿ ಪಿಟ್ಟ ಆಗ್ತದಾ? ಲೇ, ನಿನ್ನ ಫೋಟೋ ಡಬ್ಬೀಲಿ ಹಿಡಿದು ತೋರ್ಸು ನೋಡೋಣ. ಇಲ್ದಿದ್ರೆ ಮರ ಹೋಯ್ತು."

ಅವನು ಒಂದು ಹುಳುವನ್ನು ತನ್ನೂರಿಗೆ ಒಯ್ದ. ಅದು ಒಣಗಿದೆಲೆಯಡಿ ಕೋಶವಾಯಿತು. ಎರಡನೇ ದಿನ ಇರುವೆ ಮುತ್ತಿ ಬರೀ ಸಿಪ್ಪೆ ಉಳಿಸಿದವು. ಸುದ್ದಿ ಕೇಳಿ ಬಚ್ಚಮ್ಮ ನಕ್ಕುಬಿಟ್ಟಳು.

"ತುಪ್ಪದ ಗಡಿಗೆ ಹೆಂಗಿಡ್ತಾರೆ ಅಂತ ನಿಮ್ಮನೇಲಿ ಯಾರೂ ಹೇಳ್ಕೊಡಲಿಲ್ವಾ? ಇನ್ನೊಂದು ಹುಳ ತಾ ಇಲ್ಲಿ."

ಮುಂದಿನ ಹುಳುವನ್ನು ಅವಳೇ ಮಣ್ಣು, ಎಲೆ ತುಂಬಿದ ಮಡಕೆಗೆ ಹಾಕಿದಳು. ಬಾಯಿಗೆ ತೆಳು ಬಟ್ಟೆ ಕಟ್ಟಿ, ಮಡಕೆಯನ್ನು ನೀರಿನ ತಟ್ಟೆಯ ನಡುವೆ ಕೂರಿಸಿದಳು. ನೀರು ದಾಟಿ ಒಂದು ಇರುವೆಯೂ ಬರಲಿಲ್ಲ. ಹುಳು ಕೋಶವಾಯಿತು. ಹತ್ತು ದಿನ ಮಿಸುಕದ ಕೋಶ ಸತ್ತೇಹೋಯಿತೆಂದು ಎಸೆಯಲು ಎತ್ತಿದಾಗ ಅದು ಬೆರಳ ನಡುವೆ ಬಾಲ ಹೊರಳಿಸಿತು. ಬೆಚ್ಚಿ ಮತ್ತೆ ಅಲ್ಲೇ ಮಲಗಿಸಿದಳು. ಆಮೇಲೆ ಪೊರಕೆ ಹಿಡಿದು ಮರದ ಕಡೆ ಹೋಗಲಿಲ್ಲ.

ಅಂದಿನಿಂದ ಆವಲಪ್ಪ ದಿನಾ ಬೆಳಿಗ್ಗೆ ಕ್ಯಾಮೆರಾ ಕಟ್ಟಿಕೊಂಡು ಸೈಕಲ್ಲಿನಲ್ಲಿ ಬಂದ. ನಾಲ್ಕನೇ ಬೆಳಿಗ್ಗೆ ಕೋಶ ಬಿರಿದಿತ್ತು. ಮಡಕೆಯೊಳಗೆ ನಿಲ್ಲಿಸಿದ್ದ ಕಡ್ಡಿಗೆ ಮುದುರಿದ ರೆಕ್ಕೆಯ ಒದ್ದೆ ಪತಂಗ ಜೋತುಬಿದ್ದಿತ್ತು. ಅವನು ಕಡ್ಡಿಯನ್ನು ಮೆಲ್ಲಗೆ ಬೆಳಕಿಗೆ ತಂದು ನೆಟ್ಟ. ಕಣ್ಣೆದುರೇ ರೆಕ್ಕೆ ಹಿಗ್ಗಿತು, ನೇರವಾಯಿತು, ಒಣಗತೊಡಗಿತು. ಯುದ್ಧ ಶುರುವಾಗಿ ಹೊಸ ಪ್ಲೇಟು ಬರುವುದು ನಿಂತಿತ್ತು. ಅವನ ಬಳಿ ಇದ್ದದ್ದು ಒಂದೇ.

"ಚಳಿ ಆಗ್ತಿದೆಯೇನೋ ಪಾಪ, ನಡುಗೋಹಂಗಿದೆ."

"ನಡುಗಿದ್ರೆ ಹಾರ್ತದೆ ಅಂತ ಅರ್ಥ ಅಕ್ಕ. ಎಣ್ಸಿ, ಬೇಗ!"

ಅವನು ಮುಚ್ಚಳ ತೆಗೆದ. ಬಚ್ಚಮ್ಮ ತನ್ನ ತೆಲುಗಿನಲ್ಲೇ ಎಣಿಸಿದಳು: "ಒಕಟಿ, ರೆಂಡು, ಮೂಡು." ಮುಚ್ಚಳ ಕೂತಿತು. ಅರೆಕ್ಷಣದಲ್ಲಿ ರೆಕ್ಕೆ ನಡುಗಿ, ಮಂಜಾಗಿ, ಕಡ್ಡಿ ಬರಿದಾಯಿತು.

ನಾಲ್ಕು ದಿನದ ಮೇಲೆ ಅವನು ಫೋಟೋ ತಂದುಕೊಟ್ಟ. ಆಂಜಿನಪ್ಪ ಆಗಲೇ ಕೊಡಲಿಯೊಂದಿಗೆ ಜಗಲಿಯಲ್ಲಿ ಕೂತಿದ್ದ. ಬಚ್ಚಮ್ಮ ಫೋಟೋದ ಮೇಲೆ ಬೆರಳಿಟ್ಟು ಕಾಲು ಎಣಿಸಿದಳು. ಆರು. ಹಕ್ಕಿಗಾದರೆ ಎರಡೇ. ಮತ್ತೊಮ್ಮೆ ಎಣಿಸಿದಳು.

"ಇಂಥವು ಎಷ್ಟು ಹೊಸಕಿದ್ನೋ ದೇವರೇ," ಎಂದಳು ಮೆಲ್ಲಗೆ. ಆಮೇಲೆ ದನಿಯೆತ್ತಿದಳು: "ಏನ್ಲಾ ಆಂಜಿನಪ್ಪ, ಮುದ್ದೆ ಉಂಡು ಹೋಗು. ಮರ ಕಡಿಯೋದು ಇಲ್ಲ."

ಉಣ್ಣುತ್ತ ಆಂಜಿನಪ್ಪ ಫೋಟೋ ನೋಡಿದ. ತನ್ನ ಹೊಲದ ಬದುವಿನಲ್ಲೂ ಒಂದು ಮಡ್ಡಿ ಮರವಿದೆ, ಅಲ್ಲೂ ಕೊಂಬಿನ ಹುಳು ಕಂಡಿದ್ದೇನೆ ಎಂದ. ಬಚ್ಚಮ್ಮ ಅವನ ಕೈಗೊಂದು ಖಾಲಿ ಮಡಕೆ ಕೊಟ್ಟು, ನೀರಿನ ತಟ್ಟೆ ಎಷ್ಟು ಅಗಲ ಇರಬೇಕೆಂದು ವಿವರಿಸತೊಡಗಿದಳು.