ಮೊರದ ಮೇಲಿನ ಗಿಳಿ

ನೆನೆಸಿದ ಮೆಂತ್ಯ ರುಬ್ಬುವ ಕಹಿ ವಾಸನೆ ಮೂಗಿಗೆ ಬಡಿದರೆ ಈಗಲೂ ಹಾರನಹಳ್ಳಿಯ ನಮ್ಮ ಎದುರುಮನೆಯ ಅತ್ತೆ ನೆನಪಾಗುತ್ತಾರೆ. ಮೊನ್ನೆ ಗಂಡಸಿ ಊರಿನಲ್ಲಿರುವ ತಂಗಿಯ ಮನೆಗೆ ಕಾಲಿಟ್ಟಾಗಲೂ ಅದೇ ವಾಸನೆ...

ನಮಗವರು ನೆಂಟರಲ್ಲ; ಬೀದಿಗೆಲ್ಲ ಅತ್ತೆ. ನೆನೆಸಿದ ಹಳೇ ಕಾಗದ, ಮೆಂತ್ಯ ಸೇರಿಸಿ ರುಬ್ಬಿ ಬಿದಿರಿನ ಮೊರಕ್ಕೆ ಬಳಿದರೆ ಸಂದು ಮುಚ್ಚಿ ಕಾಳು ಸೋರುವುದಿಲ್ಲ. ಅಷ್ಟನ್ನು ಎಲ್ಲರೂ ಮಾಡುತ್ತಿದ್ದರು. ಅತ್ತೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. ಅಂಚಿಗೆ ಕೆಮ್ಮಣ್ಣು, ಅದರ ಮೇಲೆ ಸುಣ್ಣದ ಎಳೆ, ಮೂಲೆಯಲ್ಲೊಂದು ಗಿಳಿ. ಬೀದಿಯ ಹೆಣ್ಣುಮಕ್ಕಳು ಗಂಡನ ಮನೆಗೆ ಹೊರಟರೆ ಅತ್ತೆಯ ಕೈಯ ಮೊರ ಜೊತೆಗೆ ಹೋಗಲೇಬೇಕು. ಸವೆದ ಮೊರ ತವರಿಗೆ ಬಂದರೆ ಅತ್ತೆ ಹಳೇ ಗಿಳಿಯ ಮೇಲೇ ಹಿಟ್ಟು ಬಳಿದು ಹೊಸದು ಬರೆಯುತ್ತಿದ್ದರು. ಹುಡುಗಿಯರು ಅಯ್ಯೋ ಎಂದರೆ, "ಗಿಳಿ ನೋಡ್ಕಂಡು ಕುಂತ್ರೆ ಹೊಟ್ಟೆ ತುಂಬ್ತದೇನೇ? ಮೊರ ಇರೋದು ಕೇರಕ್ಕೆ ಕಣೇ" ಎನ್ನುತ್ತಿದ್ದರು.

ನಾನು ಶಾಲೆ ಬಿಟ್ಟು ಲಾರಿಗೆ ತೆಂಗಿನಕಾಯಿ ತುಂಬಲು ಹೋದವನು. ಯಾರ ಮುಂದೂ ಕೈಚಾಚದೆ ತಂಗಿಯ ಮದುವೆ ಮಾಡಿದೆ. ಪಾತ್ರೆ, ಮಂಚ, ಬೀರು ಎಲ್ಲ ನನ್ನ ದುಡಿಮೆಯದು. ಮೊರ ಮಾತ್ರ ಅತ್ತೆಯದಾಗಬೇಕಿತ್ತು. ಆ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು.

"ಬಿಡತ್ತೆ, ಅರಸೀಕೆರೆ ಸಂತೇಲಿ ತತ್ತೀನಿ" ಎಂದೆ.

"ಏನ್ಲಾ, ನಾಕು ಕಾಸು ಕಾಣ್ತಿದ್ದಂಗೆ ಅತ್ತೆ ಬ್ಯಾಡವಾದ್ಲಾ? ಇವಳ್ದೊಂದು ಮಾಡ್ಕೊಟ್ಟು ಕೈ ತೊಳ್ಕತೀನಿ ಬಿಡು."

ಹೆಬ್ಬೆರಳಲ್ಲಿ ಅಂಚು ತಡವಿಕೊಂಡೇ ಬರೆದರು. ಕೊಕ್ಕು ಕತ್ತಿನ ಮೇಲೆ ಬಂತು, ಕಣ್ಣು ತಲೆಯಿಂದಾಚೆ ಬಿತ್ತು. ಅವ್ವ ನನ್ನ ಮುಖ ನೋಡಿದಳು. ತಂಗಿ ಮೊರವನ್ನು ಎದೆಗವಚಿಕೊಂಡು, "ಅತ್ತೆ, ಎಲ್ಲಾರ್ದಕ್ಕಿಂತ ನಂದೇ ಚೆಂದಾಗೈತೆ" ಎಂದಳು.

"ಸುಳ್ಳಿ" ಎಂದು ಅತ್ತೆ ನಕ್ಕರು. ಆ ವರ್ಷದ ರಾಗಿ ಕೊಯ್ಲಿಗೆ ಅವರಿರಲಿಲ್ಲ...

ತಂಗಿ ಅಂದಿನಿಂದ ಗಿಳಿಯನ್ನು ಬಿಟ್ಟು ಸುತ್ತ ಮಾತ್ರ ಹಿಟ್ಟು ಬಳಿಯುತ್ತ ಬಂದಿದ್ದಳು. ಮೊನ್ನೆ ನಾನು ಹೋದಾಗ ಗಿಳಿ ಇದ್ದಲ್ಲೇ ಬಿದಿರು ಬಿಟ್ಟುಕೊಂಡು ರಾಗಿ ಸೋರುತ್ತಿತ್ತು. ಮೊರ ಅಟ್ಟ ಸೇರಬೇಕು, ಇಲ್ಲವೇ ಗಿಳಿ ಮುಚ್ಚಬೇಕು. ಮೂಲೆಗೆ ಬಿದ್ದ ಮೊರವನ್ನು ಅತ್ತೆ ಒಪ್ಪುತ್ತಿರಲಿಲ್ಲ ಎಂಬುದು ಇಬ್ಬರಿಗೂ ಗೊತ್ತು.

"ನೀನೇ ಬಳಿಯಣ್ಣ, ನಂಗೆ ಕೈ ಬರಲ್ಲ."

ಮೂಟೆ ಹೊತ್ತ ಕೈ ನನ್ನದು. ಬಳಿದೆ. ಮೊದಲು ಬಾಲ, ಆಮೇಲೆ ರೆಕ್ಕೆ, ಕೊನೆಗೆ ಆಚೆ ಬಿದ್ದಿದ್ದ ಆ ಕಣ್ಣು.

ಮರುದಿನದ ಬಿಸಿಲಿಗೆ ಮೊರ ಗಟ್ಟಿಯಾಯಿತು. ತಂಗಿ ರಾಗಿ ಕೇರಿದಳು. ಒಂದು ಕಾಳೂ ಸೋರಲಿಲ್ಲ. ಹೊಸ ಗಿಳಿಗೆಂದು ಅವಳು ಕಲಸಿಟ್ಟ ಸುಣ್ಣದ ಬಟ್ಟಲು ಪಕ್ಕದಲ್ಲೇ ಇತ್ತು. ಅವಳೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಅದು ಒಣಗಿ ಬಿರುಕು ಬಿಟ್ಟಿತ್ತು.