ಮೂರನೇ ಕೂಗಿಗೆ ಓಗೊಟ್ಟ ಮೃತ್ಯುಂಜಯ

ಬೆಳಗಿನ ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಆಲೂರು ತಾಲ್ಲೂಕಿನ ಪಾಳ್ಯದಿಂದ ಎರಡು ಮೈಲಿ ಆಚೆಗಿನ ದಿಣ್ಣೆಯ ಮೇಲೆ ಹತ್ತು ಮಾರು ದೂರದ ಸಿಲ್ವರ್ ಮರವೂ ಕಾಣದಷ್ಟು ಮಂಜು. ಮೃತ್ಯುಂಜಯ ಕಾಫಿ ಗಿಡಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಆನೆ ಲದ್ದಿಯೊಂದನ್ನು ಕೋಲಿನಿಂದ ಒಡೆಯುತ್ತಾರೆ, ಅಂಗೈಯ ಹಿಂಬದಿಯನ್ನು ಅದಕ್ಕೆ ತಾಗಿಸಿ ನೋಡುತ್ತಾರೆ. ಬಿಸಿಯಿದೆ. ಸಲಗ ಇಲ್ಲಿಂದ ಹೋಗಿ ಅರ್ಧ ಗಂಟೆಯೂ ಆಗಿಲ್ಲ. ಹೋಗಿರುವುದು ಕೆರೆಯ ಕಡೆಗೆ.

ಎದ್ದು ನಿಂತು ಎರಡೂ ಕೈಗಳನ್ನು ಬಾಯಿಗೆ ಮರೆ ಹಿಡಿದು ಕಣಿವೆಗೆ ಕೂಗು ಹಾಕುತ್ತಾರೆ. "ಕೂ..." ಹತ್ತು ಎಣಿಸುವಷ್ಟು ಬಿಡುವು. ಮತ್ತೊಂದು ಕೂಗು. ಮತ್ತೆ ಬಿಡುವು. ಮೂರನೆಯದು. ಕೆಳಗೆ ಕೂಲಿಯವರಿರುವ ಲೈನುಮನೆಗಳ ಕಡೆಯಿಂದ "ಓ..." ಎಂದು ಹೆಂಗಸಿನ ದನಿಯೊಂದು ಮೇಲೆ ಬರುವವರೆಗೆ ನಿಂತಲ್ಲಿಂದ ಕಾಲು ಕೀಳುವುದಿಲ್ಲ. ಬಂದ ಮೇಲೆ, ಎಸ್ಟೇಟಿನ ಉಗ್ರಾಣವನ್ನು ಹಾದು ಬರುವ ದಾರಿ ಹೇಳುತ್ತಾರೆ: "ಕೆರೆ ದಾರಿ ಬ್ಯಾಡ. ಸ್ಟೋರ್ ಮೇಲಾಸಿ ಬನ್ನಿ."

ಐದು ಎಸ್ಟೇಟುಗಳು ಸೇರಿ ಇಟ್ಟುಕೊಂಡಿರುವ ಆನೆ ಕಾವಲುಗಾರ ಇವರು. ವಯಸ್ಸು ನಲವತ್ತೆಂಟು. ಮೊಬೈಲಿನಲ್ಲಿ ಸಂದೇಶ ಹಾಕುವ ಏರ್ಪಾಡೂ ಇದೆ. ಆದರೆ ಈ ಕಣಿವೆಗೆ ಇಳಿದ ಮೇಲೆ ಫೋನು ಜೇಬಿನಲ್ಲಿರುವ ಕಲ್ಲು. ಹಾಗಾಗಿ ಕಾಫಿ ಹಣ್ಣು ಕುಯ್ಯುವ ನೂರ ನಲವತ್ತು ಜನ ದಿನವೂ ಯಾವ ದಾರಿಯಲ್ಲಿ ಕೆಲಸಕ್ಕೆ ಹೋಗಬೇಕೆಂದು ತೀರ್ಮಾನವಾಗುವುದು ಈ ಮನುಷ್ಯನ ಗಂಟಲಿನಿಂದ. ದಿನಕ್ಕೆ ಹನ್ನೆರಡು ಕಿಲೋಮೀಟರು ನಡಿಗೆ, ನಾಲ್ಕು ದಿಣ್ಣೆ, ಒಂದೊಂದರ ಮೇಲೂ ಮೂರು ಮೂರು ಕೂಗು. ಸದ್ಯಕ್ಕೆ ಈ ಭಾಗದಲ್ಲಿರುವುದು ಇಪ್ಪತ್ತಮೂರು ಆನೆಗಳ ಹಿಂಡು, ಜತೆಗೆ ಯಾರ ಮಾತನ್ನೂ ಕೇಳದ ಆ ಒಂಟಿ ಸಲಗ.

ಕಳೆದ ಡಿಸೆಂಬರಿನಲ್ಲಿ ಆ ಸಲಗ ದಾರಿಯ ತಿರುವಿನಲ್ಲೇ ನಿಂತಿತ್ತು. ಮುನಿಯಮ್ಮನ ಗುಂಪಿನ ಒಂಬತ್ತು ಹೆಂಗಸರು ಚೀಲ ಹೆಗಲಿಗೆ ಹಾಕಿಕೊಂಡು ಅದೇ ತಿರುವಿನತ್ತ ಹೊರಟಿದ್ದರು. ಮೂರನೇ ಕೂಗು ಕಿವಿಗೆ ಬಿದ್ದು ಹಿಂದಿರುಗಿದ್ದರಿಂದ ಒಂಬತ್ತು ಮನೆಗಳ ಒಲೆ ಆ ಸಂಜೆಯೂ ಉರಿಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸುರೇಂದ್ರ ಅವರಿಗೆ ಇದನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ. ಗಣರಾಜ್ಯೋತ್ಸವದ ದಿನ ಶಾಲೆಯ ಅಂಗಳದಲ್ಲಿ ಸನ್ಮಾನ ಎಂದು ಗೊತ್ತು ಮಾಡಿ, ಪಾಳ್ಯದ ಸರ್ಕಲ್ಲಿನಲ್ಲಿ ಎಂಟಡಿ ಫ್ಲೆಕ್ಸು ನಿಲ್ಲಿಸಿಬಿಟ್ಟರು. ಅದರಲ್ಲಿ ಆನೆಗಿಂತ ದೊಡ್ಡದಾಗಿ ಇದ್ದದ್ದು ಹಡಗು. ಮೇಲೆ ದಪ್ಪ ಅಕ್ಷರದಲ್ಲಿ, "ಕಡಲ್ಗಳ್ಳರನ್ನು ಗೆದ್ದು ಬಂದ ನಮ್ಮೂರ ವೀರ".

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಮೃತ್ಯುಂಜಯ ಅವರಿಗೆ ಆದದ್ದು ಅದೇ. ಡೇರಿಗೆ ಹಾಲು ಹಾಕಲು ಹೋದವರು ಫ್ಲೆಕ್ಸು ನೋಡಿ, ಹಾಲನ್ನು ಹಾಕದೆ ಕ್ಯಾನ್ ಹಿಡಿದುಕೊಂಡೇ ಮನೆಗೆ ವಾಪಸು ಬಂದರು. "ಮಾನ ಹೋದಂಗಾಯ್ತು ಸಾರ್. ಜನ ಸುಳ್ಳು ಹೇಳಿದ್ರೆ ಜಗಳ ಆಡ್ಬೋದು. ಅವ್ರು ನಂಬ್ಕಂಡವ್ರೆ. ಸುಳ್ಳು ನಂದು."

ಆಗಿದ್ದಿಷ್ಟು. ಹಾಸನದಲ್ಲಿ ಐಟಿಐ ಮುಗಿಸಿದ ಪಾಳ್ಯದ ಈ ಫಿಟ್ಟರ್ ಏಜೆಂಟರನ್ನು ಹಿಡಿದು ಮಂಗಳೂರು, ಅಲ್ಲಿಂದ ಮುಂಬೈ ಎಂದು ಸುತ್ತಿ ಹಡಗು ಸೇರಿದರು. ಅದುವರೆಗೆ ಹೇಮಾವತಿಯ ಹಿನ್ನೀರಿಗಿಂತ ದೊಡ್ಡ ನೀರು ಕಂಡವರಲ್ಲ. ಎಂಜಿನ್ ಕೋಣೆಯಲ್ಲಿ ಎಣ್ಣೆ ಬಿಡುವ ಕೆಲಸ. ಸಿಮೆಂಟಿನ ಕಚ್ಚಾ ಉಂಡೆ ತುಂಬಿದ ಹಡಗು, ಇಪ್ಪತ್ತು ಜನ, ಕನ್ನಡ ಬಲ್ಲವರು ಇಬ್ಬರೇ. ಇನ್ನೊಬ್ಬ ಹೊನ್ನಾವರ ಕಡೆಯ ರಾಜೇಶ್. ಮೃತ್ಯುಂಜಯ ಎನ್ನುವ ಹೆಸರು ಮಿಕ್ಕವರ ನಾಲಿಗೆಗೆ ಹೊರಳದೆ ಎಲ್ಲರ ಬಾಯಲ್ಲೂ ಇವರು 'ಜಯ' ಆಗಿದ್ದರು. ಹದಿನಾಲ್ಕು ವರ್ಷದ ಹಿಂದೆ, ಸೊಮಾಲಿಯಾದ ಕಡೆಯ ಸಮುದ್ರದಲ್ಲಿ ಒಂದು ಬೆಳಿಗ್ಗೆ ಎರಡು ಸಣ್ಣ ದೋಣಿಗಳು ಹಡಗನ್ನು ಬೆನ್ನಟ್ಟಿದವು.

ಶಾಲೆಯ ಮಕ್ಕಳು ಆ ಕಳ್ಳರ ಬಗ್ಗೆ ಕೇಳಿದಾಗಲೆಲ್ಲ ಮೃತ್ಯುಂಜಯ ಅವರಿಗೆ ಪೇಚು. ಮಕ್ಕಳ ಕಣ್ಣ ಮುಂದಿರುವವನು ಒಂಟಿಕಣ್ಣಿಗೆ ಪಟ್ಟಿ ಕಟ್ಟಿ, ತಲೆಬುರುಡೆಯ ಬಾವುಟ ಹಾರಿಸಿ, ಕತ್ತಿ ಕಚ್ಚಿಕೊಂಡು ಹಗ್ಗ ಹಿಡಿದು ಜಿಗಿಯುವವನು. ಇವರು ಕಂಡವನ ಕಾಲಲ್ಲಿ ಇದ್ದದ್ದು ಹವಾಯಿ ಚಪ್ಪಲಿ, ಅದೂ ಎರಡೂ ಎಡಗಾಲಿನವು. ಬಾವುಟವಿಲ್ಲ, ನಿಧಿಯ ಪೆಟ್ಟಿಗೆಯಿಲ್ಲ. ಒಂದು ಅಲ್ಯೂಮಿನಿಯಂ ಏಣಿ, ಹೆಗಲಿಗೆ ಬಂದೂಕು, ಜೇಬಿನಲ್ಲಿ ಫೋನು. ಹಿಂದಿನ ಕಾಲದಲ್ಲಿ ನಮ್ಮ ಬೆಟ್ಟಗಳ ಮೆಣಸು ಘಟ್ಟ ಇಳಿದು ದೋಣಿ ಹತ್ತಿದರೆ ಪಡುಗಡಲಿನ ಕಳ್ಳರು ಕಾದಿರುತ್ತಿದ್ದರಂತೆ. ಅವರಿಗೆ ಬೇಕಾದದ್ದು ಸರಕು, ಮನುಷ್ಯ ಬೇಡದ ಭಾರ, ನೀರಿಗೆಸೆದರೆ ಮುಗಿಯಿತು. ಈ ಸೊಮಾಲಿಯಾದವರ ಲೆಕ್ಕ ತಿರುಗಾಮುರುಗಾ. ಸರಕಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಬೇಕಾದದ್ದು ಮನುಷ್ಯರು, ಜೀವಂತ ಮನುಷ್ಯರು. ಅವರನ್ನು ಕೂಡಿಹಾಕಿ ಫೋನಿನಲ್ಲಿ ವ್ಯಾಪಾರ ಕುದುರಿಸುವುದು ಇವರ ಕಸುಬು.

"ಹಳೇ ಕಾಲದವ್ರು ಕೊಂದು ದೋಚೋರು. ಇವ್ರು ಸಾಕಿ ದೋಚ್ತಾರೆ," ಎನ್ನುತ್ತಾರೆ ಮೃತ್ಯುಂಜಯ. "ಇವ್ರೂ ಮುಂಚೆ ಮೀನುಗಾರ್ರಾಗಿದ್ರಂತೆ. ದೊಡ್ಡ ದೊಡ್ಡ ಹಡಗ್ನೋರು ಬಂದು ಮೀನೆಲ್ಲಾ ಬಳ್ಕಂಡ್ ಹೋದ್ರಂತೆ. ಇದ್ರೂ ಇರ್ಬೋದು. ಯಾರನ್ನ ಕಳ್ಳ ಅನ್ನೋದು ಅಂತ ನಾನೂ ಕೂತ್ಕಂಡು ಯೋಚ್ನೆ ಮಾಡಿದೀನಿ. ಆಮೇಲೆ ನನ್ನ ಬುಡ ನೋಡ್ಕಂಡು ಸುಮ್ನಾಗಿದೀನಿ."

ಕಳ್ಳರು ಹತ್ತಿದರೆ ಏನು ಮಾಡಬೇಕೆಂದು ಕ್ಯಾಪ್ಟನ್ ಮೊದಲೇ ಪಾಠ ಹೇಳಿಕೊಟ್ಟಿದ್ದರು. ಎಂಜಿನ್ ಆರಿಸಿ, ಹಡಗಿನ ಹಿಂಭಾಗದ ತಳದಲ್ಲಿರುವ ಚುಕ್ಕಾಣಿ ಯಂತ್ರದ ಕೋಣೆಗೆ ಎಲ್ಲರೂ ಸೇರಿ, ಉಕ್ಕಿನ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುವುದು. ಹೊರಗೆ ಯಾರೇ ಬರಲಿ, ಏನೇ ಅನ್ನಲಿ, ಉಸಿರೆತ್ತಬಾರದು. ಕೋಣೆ ಎಲ್ಲಿದೆಯೆಂದು ತಿಳಿಯದೆ ಕಳ್ಳರು ಒಂದೆರಡು ದಿನ ಪರದಾಡುವಷ್ಟರಲ್ಲಿ ನೌಕಾಪಡೆಯ ಹಡಗು ಬರುತ್ತದೆ. ಹತ್ತೊಂಬತ್ತು ಜನ ಒಳಗೆ ಸೇರಿದರು. ಹಡಗಿನ ಮೂತಿಯಲ್ಲಿ ಬಣ್ಣ ಹೊಡೆಯುತ್ತಿದ್ದ ರಾಜೇಶ್ ಮಾತ್ರ ಹೊರಗುಳಿದ.

ಕಳ್ಳರು ರಾಜೇಶನನ್ನು ಮುಂದೆ ಬಿಟ್ಟುಕೊಂಡು, ಹಡಗಿನ ಓಣಿ ಓಣಿಯಲ್ಲೂ ಅವನ ಕೈಯಲ್ಲಿ ಹೆಸರು ಕೂಗಿಸುತ್ತ ಬಂದರು. ಒಬ್ಬೊಬ್ಬರ ಹೆಸರೂ ಬಂತು, ಯಾರೂ ತುಟಿ ಬಿಚ್ಚಲಿಲ್ಲ. ಆಮೇಲೆ "ಜಯಾ" ಎಂದು ಕೇಳಿಸಿತು. ಮೃತ್ಯುಂಜಯ ಹಲ್ಲು ಕಚ್ಚಿದರು. "ಜಯಾ." ಅಂಗೈಯನ್ನು ಬಾಯಿಗೊತ್ತಿ ಹಿಡಿದರು.

ಇಲ್ಲಿ ಒಂದು ಮಾತು ಹೇಳಬೇಕು. ಈ ಸೀಮೆಯಲ್ಲಿ ಬೆಳೆದ ಮಕ್ಕಳಿಗೆಲ್ಲ ತಾಯಂದಿರು ಹೇಳಿಕೊಡುವ ಪಾಠವೊಂದಿದೆ. ಹೊತ್ತಲ್ಲದ ಹೊತ್ತಿನಲ್ಲಿ, ಮುಖ ಕಾಣದ ಕಡೆಯಿಂದ ಹೆಸರು ಹಿಡಿದು ಕರೆದರೆ ಒಂದನೇ ಕೂಗಿಗೆ ಓಗೊಡಬೇಡ, ಎರಡಕ್ಕೂ ಬೇಡ. ದೆವ್ವಕ್ಕೆ ಮೂರನೇ ಸಲ ಕೂಗುವ ಶಕ್ತಿಯಿಲ್ಲ. ಮೂರು ಸಲ ಕರೆದರೆ ಮನುಷ್ಯನೇ, ಕಷ್ಟದಲ್ಲಿದ್ದಾನೆ, ಓಗೊಡು. ಮೃತ್ಯುಂಜಯ ಅವರ ತಾಯಿ ಜಗದಾಂಬ ಇದನ್ನು ಎಷ್ಟು ಸಲ ಹೇಳಿದ್ದರೆಂದರೆ ಅದು ಪಾಠವಾಗಿ ಉಳಿಯದೆ ಗಂಟಲಿಗೇ ಇಳಿದಿತ್ತು.

"ಜಯಾ..." ಮೂರನೆಯದು ಬಾಗಿಲ ಹತ್ತಿರವೇ ಬಂತು, ದನಿ ಒಡೆದಿತ್ತು.

"ಓ ಅಂದ್ಬುಟ್ಟೆ ಸಾರ್."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕತ್ತಲಲ್ಲಿ ಹದಿನೆಂಟು ಜನ ತಮ್ಮ ಕಡೆ ತಿರುಗಿದ್ದು ಕಾಣದಿದ್ದರೂ ಗೊತ್ತಾಯಿತು ಎನ್ನುತ್ತಾರೆ. ಕಳ್ಳರು ಗಾಳಿ ಕಿಂಡಿಯ ಬಾಯಿಗೆ ಎಣ್ಣೆ ಬಟ್ಟೆ ತುರುಕಿ ಬೆಂಕಿಯಿಟ್ಟರು. ಹೊಗೆ ತಡೆಯಲಾರದೆ ಕ್ಯಾಪ್ಟನ್ನೇ ಅಗುಳಿ ತೆಗೆದರು. ನೌಕಾಪಡೆಯ ಹಡಗು ಬಂತು, ಮಾರನೆಯ ದಿನ ಮಧ್ಯಾಹ್ನ. ಅಷ್ಟರಲ್ಲಿ ಇಪ್ಪತ್ತು ಜನರ ತಲೆಗೂ ಬಂದೂಕು ಗುರಿಯಿಟ್ಟಾಗಿತ್ತು. ಅದು ದೂರದಲ್ಲೇ ನಿಂತು ನೋಡಿ ಹೋಯಿತು. ಅದಾದ ಮೇಲೆ ಏಳು ತಿಂಗಳ ಸೆರೆ.

ಅಡುಗೆಯವರಾಗಿದ್ದ ಆಂಧ್ರದ ವೀರಯ್ಯ ಅವರಿಗೆ ಸಕ್ಕರೆ ಕಾಯಿಲೆ. ಅವರ ಇನ್ಸುಲಿನ್ ಎರಡನೇ ತಿಂಗಳಿಗೆ ಮುಗಿಯಿತು. ತಳ ಹಿಡಿದ ಅನ್ನ ಎಂದರೆ ಮೃತ್ಯುಂಜಯ ಅವರಿಗೆ ಇಷ್ಟ ಎಂದು ವೀರಯ್ಯ ಮೊದಲಿನಿಂದಲೂ ಒಂದು ಹಿಡಿ ಕೆರೆದು ತೆಗೆದಿಡುತ್ತಿದ್ದರು. ಆ ದಿನದ ನಂತರವೂ ಇಡುತ್ತಿದ್ದರು, ಒಂದು ಮಾತೂ ಆಡದೆ. ಐದನೇ ತಿಂಗಳಲ್ಲಿ ತೀರಿಕೊಂಡರು. "ಬೈದಿದ್ರೆ ಚೆನ್ನಾಗಿತ್ತು," ಎಂದು ಹೇಳಿ ಮೃತ್ಯುಂಜಯ ಬಹಳ ಹೊತ್ತು ಕಾಲಿಗೆ ಅಂಟಿದ ಜಿಗಣೆ ಹುಡುಕುತ್ತಾರೆ. ಜನವರಿಯಲ್ಲಿ ಜಿಗಣೆ ಇರುವುದಿಲ್ಲ. "ಅವ್ರ ಮನೆ ವಿಳಾಸ ಐತೆ. ಇವತ್ಗೂ ಹೋಗಿಲ್ಲ. ಯಾವ ಮಕ ಹೊತ್ಕಂಡು ಹೋಗ್ಲಿ?"

ಬಿಡುಗಡೆಯಾಗಿ ವಿಮಾನ ಹತ್ತುವ ಮುಂಚೆ ರಾಜೇಶ್ ಹೇಳಿದ ಮಾತೊಂದಿದೆ. ಗೆಳೆಯನ ಜೀವ ಉಳಿಸಲಿಕ್ಕೆ ಓಗೊಟ್ಟೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ ಮೃತ್ಯುಂಜಯ ಅವರಿಗೆ ಉಳಿದಿದ್ದ ಆ ಒಂದು ಆಸರೆಯನ್ನೂ ಅದು ಕಿತ್ತುಕೊಂಡಿತು. "ನೀ ಓ ಅನ್ನೂದಿಲ್ಲ ಅನ್ನೋ ಧೈರ್ಯದ ಮೇಲೇ ನಾ ಕರ್ದದ್ದು ಮಾರಾಯ. ಸತ್ತವನಿಗೆ ದುಡ್ಡು ಹುಟ್ಟೂದಿಲ್ಲ, ನನ್ನ ಅವ್ರು ಕೊಲ್ತಿರ್ಲಿಲ್ಲ."

ಊರಿಗೆ ಬಂದಾಗ ಹೆಸರಿಗೆ ತಕ್ಕಂತೆ ಸಾವನ್ನು ಗೆದ್ದು ಬಂದ ಎಂದು ಜನ ಹಾರ ಹಾಕಿದರು. ಹಾರ ಹಾಕುವಾಗ ಬಾಯಿ ಬಿಡಲಿಲ್ಲ, ಆಮೇಲೆ ಬಿಡಲು ಹೊತ್ತೇ ಸಿಗಲಿಲ್ಲ. ಆದರೆ ಅವತ್ತಿನಿಂದ ಇವರು ಯಾರ ಕರೆಗೂ ಓಗೊಟ್ಟಿಲ್ಲ. ಹೆಸರು ಹಿಡಿದು ಕರೆದರೆ ಎಲ್ಲಿದ್ದರೂ ಎದ್ದು ಬಂದು ಎದುರಿಗೆ ನಿಲ್ಲುತ್ತಾರೆ, ಅಷ್ಟೇ. ಕಿವಿ ಮಂದವೆಂದು ಕೆಲವರು, ಹಡಗು ಕಂಡವನ ಜಂಭವೆಂದು ಕೆಲವರು. ಹೆಂಡತಿ ನೇತ್ರಾವತಿ ಅವರಿಗೂ ಕಾರಣ ಗೊತ್ತಿರಲಿಲ್ಲ. ಫ್ಲೆಕ್ಸು ಕಂಡ ದಿನ ಮೃತ್ಯುಂಜಯ ಅದನ್ನು ಮೊದಲು ಹೇಳಿದ್ದು ಅವರಿಗೆ, ಅವರು ರಾಗಿ ಕೇರುತ್ತಿದ್ದಾಗ. ಮೊರ ಕೆಳಗಿಟ್ಟು ನೇತ್ರಾವತಿ ಅಂದದ್ದಿಷ್ಟು: "ಹದಿನಾಲ್ಕ್ ವರ್ಷ ಗೋಡೇನ ಕೂಗ್ದಂಗೆ ಕೂಗಿದೀನಲ್ಲ, ಇದನ್ನ ಅವತ್ತೇ ಹೇಳಿದ್ರೆ ನಾನೇನು ಬ್ಯಾರೆ ತರ ಕೂಗ್ತಿದ್ನಾ?" ಮತ್ತೆ ಮೊರ ಎತ್ತಿಕೊಂಡರು.

ಜನವರಿ ಇಪ್ಪತ್ತನಾಲ್ಕರ ಬೆಳಿಗ್ಗೆ ಸ್ಟೋರಿನ ಮುಂದೆ ಹಾಜರಿ ನಡೆಯುವಾಗ ಮೃತ್ಯುಂಜಯ ಎಲ್ಲರೆದುರು ನಿಂತು ಇಷ್ಟನ್ನೂ ಹೇಳಿದರು. ಮುನಿಯಮ್ಮ ಎಲೆಯಡಿಕೆ ಉಗಿದು, "ಅಲ್ಲ ಕಣಪ್ಪ, ಮೂರ್ ಸಲ ಕರ್ದ್ರೂ ಓ ಅನ್ದೇ ಇರೋನು ಮನ್ಸನಾ?" ಎಂದರು. ಮೃತ್ಯುಂಜಯ ತಲೆ ಎತ್ತಲಿಲ್ಲ. "ಆ ಮಾತ್ನ ವೀರಯ್ಯನ ಹೆಂಡ್ರು ಅನ್ಬೇಕು ಕಣವ್ವ, ನೀನಲ್ಲ."

ಗುಂಪಿನ ಹಿಂದೆ ನಿಂತಿದ್ದ ಚಂದ್ರಿಕಾ ಎರಡು ವರ್ಷದ ಹಿಂದೆ ಗಂಡನನ್ನು ಆನೆಗೆ ಕಳೆದುಕೊಂಡವರು. ಅವರು ದನಿ ಏರಿಸದೆ ಕೇಳಿದರು: "ಹದಿನೆಂಟು ಜನಾನ ಹಿಡ್ಕೊಟ್ಟ ಬಾಯಿ. ಇದನ್ನ ನಂಬ್ಕಂಡು ನಾವು ದಿನಾ ದಾರಿ ನಡೀಬೇಕಾ?" ಜನ ಚೀಲ ಎತ್ತಿಕೊಂಡು ಕೆಲಸಕ್ಕೆ ಹೋದರು. ಸನ್ಮಾನ ನಿಂತಿತು. ಸುರೇಂದ್ರ ಬಿಚ್ಚಿಸಿದ ಫ್ಲೆಕ್ಸು ಈಗ ಮೃತ್ಯುಂಜಯ ಅವರ ಸೌದೆ ಒಟ್ಟಿಲಿನ ಮೇಲೆ, ಚಿತ್ರ ಕೆಳಗಾಗಿ ಮಲಗಿದೆ.

ಮಾರನೆಯ ಬೆಳಿಗ್ಗೆಯೂ ಮೃತ್ಯುಂಜಯ ದಿಣ್ಣೆ ಹತ್ತಿದರು. ಹಿಂಡು ಕೆರೆಯಲ್ಲಿತ್ತು. ಮೊದಲ ಕೂಗು ಹಾಕಿದರು, ಕಣಿವೆ ಸುಮ್ಮನಿತ್ತು. ಎರಡನೆಯದು, ಆಗಲೂ ಸುಮ್ಮನೆ. ಮೂರನೆಯದಾದ ಮೇಲೆ ಹತ್ತು ಎಣಿಸಿದರು, ಇಪ್ಪತ್ತು ಎಣಿಸಿದರು. ನಾಲ್ಕನೇ ಸಲ ಕೂಗಬೇಕೆ, ಇಳಿದು ಓಡಬೇಕೆ ಎಂದು ತೋಚದೆ ನಿಂತಿದ್ದಾಗ ಕೆಳಗಿನಿಂದ "ಓ..." ಎಂದು ಬಂತು. ದನಿ ದಿನವೂ ಓಗೊಡುವ ಮುನಿಯಮ್ಮನದಲ್ಲ, ಚಂದ್ರಿಕಾ ಅವರದು. ಬೆನ್ನಿಗೇ ಅವರು ಹೆಸರು ಹಿಡಿದು ಕರೆದರು: "ಮೃತ್ಯುಂಜಯಣ್ಣಾ..." ಒಂದು ಸಲ, ಎರಡು ಸಲ, ಮೂರು ಸಲ.

ಎದುರಿಗೆ ಹೋಗಿ ನಿಲ್ಲೋಣವೆಂದರೆ ನಡುವೆ ಇಪ್ಪತ್ತಮೂರು ಆನೆ. ಮೃತ್ಯುಂಜಯ ಬಾಯಿ ತೆರೆದರು. 'ಓ' ಎನ್ನುವ ಆ ಒಂದು ಅಕ್ಷರ ಹೊರಡಲಿಲ್ಲ. ಹೊರಟದ್ದು ದಿನದ ಮಾತೇ: "ಕೆರೆ ದಾರಿ ಬ್ಯಾಡ. ಸ್ಟೋರ್ ಮೇಲಾಸಿ ಬನ್ನಿ." ನೂರ ನಲವತ್ತು ಜನ ಸ್ಟೋರಿನ ದಾರಿ ಹಿಡಿದರು.

ಇವತ್ತಿನ ನಾಲ್ಕೂ ದಿಣ್ಣೆ ಮುಗಿದಿವೆ. ಮಂಜು ಕರಗಿ ಗಿಡಗಳ ಮೇಲಿನ ಕೆಂಪು ಹಣ್ಣು ಕಾಣುತ್ತಿದೆ. ಬಂಡೆಯ ಮೇಲೆ ಕೂತು ಬುತ್ತಿಯ ರೊಟ್ಟಿ ಮುರಿಯುವ ಮೃತ್ಯುಂಜಯ ಅವರನ್ನು, ಶಾಲು ಹಾರ ಬೇಡವೆಂದರೆ ಮತ್ತೇನು ಬೇಕು ಎಂದು ಕೇಳಿದರೆ, ರೊಟ್ಟಿ ಮುಗಿಸಿ, ಕೈ ತೊಳೆದು, ಕೋಲು ಎತ್ತಿಕೊಂಡ ಮೇಲೆ ಹೇಳುತ್ತಾರೆ.

"ವೀರಯ್ಯನ ಮನೆ ಬಾಗ್ಲಿಗೆ ಹೋಗಿ ನಾನೇ ಮೂರ್ ಸಲ ಕೂಗ್ಬೇಕು ಸಾರ್. ಆ ಮನೇವ್ರು ಓ ಅನ್ನೋದು ಬ್ಯಾಡ. ಕೂಗೋದಷ್ಟೇ ನನ್ದು."